ಎರೆಮಣ್ಣಿನ ಮೇಲೊಂದು ಬೆಂಚು

ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಕೂತಿರುವ ಕಿರಿಯ ಇಂಜಿನಿಯರು ಹೋದ ತಿಂಗಳು ಫೋನ್ ಮಾಡಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. "ಮೇಡಂ, ಬಯಲಾಗ ಇಡೂ ಬೆಂಚಿಗೆ ಯಾವ ಮಾಲು ಬಾಳಿಕಿ ಬರತೈತ್ರಿ? ಒಂದ ಹೆಸರು ಹೇಳಿಬಿಡ್ರಿ, ಸಾಕು" ಅಂದಳು. ಒಂದೇ ಹೆಸರು ನನ್ನ ಹತ್ತಿರ ಇರಲಿಲ್ಲ. ಆಮೇಲೆ ಹೇಳ್ತೀನವ್ವಾ ಅಂತ ಫೋನ್ ಇಟ್ಟೆ. ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೂ ಆಗಲಿ, ಅವಳ ಹಾಗೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಆಗಲಿ.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಈ ನಾಲ್ಕೂ ಕಡೆಯ ಧೂಳು ಕುಡಿದು ನಿವೃತ್ತಳಾದವಳು ನಾನು. ರಸ್ತೆ, ಸೇತುವೆ, ಕಾಲುವೆಯಂಥ ದೊಡ್ಡ ಕೆಲಸಗಳು ಗಂಡಸರ ಪಾಲಿಗೆ ಹೋಗುತ್ತಿದ್ದವು. ಬಸ್ಸು ನಿಲ್ಲುವಲ್ಲಿಯ ಬೆಂಚು, ಶಾಲೆಯ ಅಂಗಳದ ಆಸನ, ದವಾಖಾನೆ ಮುಂದಿನ ಕಟ್ಟೆ, ಇಂಥವು ಯಾರಿಗೂ ಬೇಡವಾಗಿ ಮೇಜಿನಿಂದ ಮೇಜಿಗೆ ಸರಿದು ಕೊನೆಗೆ ನನ್ನ ಮೇಜಿಗೆ ಬಂದು ನಿಲ್ಲುತ್ತಿದ್ದವು. ಹೆಣ್ಣುಮಗಳಿಗೆ ಹಗುರ ಕೆಲಸ ಇರಲಿ ಎಂಬ ಕಾಳಜಿ ಅದು ಅಂತ ಹೇಳುತ್ತಿದ್ದರು. ಕಾಳಜಿ ಎಷ್ಟಿತ್ತೋ ಗೊತ್ತಿಲ್ಲ. 'ಬೆಂಚಿನ ಬಾಯಾರು', ಅಂದರೆ ಬೆಂಚಿನ ಮೇಡಂ, ಅಂತ ಹೆಸರು ಮಾತ್ರ ಗಟ್ಟಿಯಾಗಿ ಅಂಟಿತು. ಕೊನೆಕೊನೆಗೆ ನನಗೂ ಅದರ ಬಗ್ಗೆ ಸಿಟ್ಟು ಉಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕಾಗುತ್ತದೆ.

ಈಗ ಎಲ್ಲಿ ಬೆಂಚು ಕಂಡರೂ ಕೂರುವ ಮೊದಲು ಬಗ್ಗಿ ಅದರ ಹೊಟ್ಟೆ ನೋಡುತ್ತೇನೆ. ಮದುವೆಗೆ ಹೋದರೂ ಅದೇ, ಮಠಕ್ಕೆ ಹೋದರೂ ಅದೇ. ಏನರ ಕಳೀತೇನವ್ವಾ ಅಂತ ಜನ ಕೇಳುತ್ತಾರೆ.

ಮೊದಲು ಮಣ್ಣಿನ ಮಾತು. ನೀವು ಕಾಲೇಜಿನಲ್ಲಿ ಮರ, ಕಬ್ಬಿಣ, ಕಲ್ಲು, ಸಿಮೆಂಟು ಅಂತ ಒಂದೊಂದೇ ಓದಿ ಬಂದಿರುತ್ತೀರಿ. ನವಲಗುಂದದ ಕಡೆ ಮಾಲಿಗಿಂತ ಮೊದಲು ನೆಲವೇ ತನ್ನದನ್ನು ಹೇಳಿಬಿಡುತ್ತದೆ. ಎರೆಮಣ್ಣು ಮಳೆ ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಸಿಕ್ಕಿ ನನ್ನ ಚಪ್ಪಲಿಯ ಉಂಗುಷ್ಠವೇ ಒಮ್ಮೆ ಕಿತ್ತುಹೋಗಿತ್ತು. ಮಳೆಗಾಲದಲ್ಲಿ ಮೇಲೆ ಎತ್ತಿದ್ದನ್ನು ಬೇಸಿಗೆಯಲ್ಲಿ ಕೆಳಗಿಳಿಸುವ ಈ ನೆಲದಲ್ಲಿ ನೆಟ್ಟಿದ್ದು ಯಾವುದೂ ನೆಟ್ಟಗೆ ಇರುವುದಿಲ್ಲ.

ನಾನು ಸೇರಿದ ಹೊಸತರಲ್ಲಿ ನಮ್ಮ ಮೇಲಿನವರು ದೇಸಾಯಿ ಸಾಹೇಬರು. ಮನುಷ್ಯ ಒಳ್ಳೆಯವರು. ಆದರೆ ತಾವೇ ಬರೆದ ನಕಾಶೆಯ ಮೇಲೆ ವಿಪರೀತ ಮಾಯೆ. ಎರಡು ಸಿಮೆಂಟಿನ ಕಾಲು ನೆಲದಲ್ಲಿ ಹೂತು, ಮೇಲೆ ಒಂದು ಸಿಮೆಂಟಿನ ಹಲಗೆ ಕೂರಿಸುವ ಬೆಂಚು ಅವರದು. ಕಲಘಟಗಿಯ ಕೆಂಪು ನೆಲದಲ್ಲಿ ಅದು ಬಂಡೆಯಂತೆ ನಿಂತಿತ್ತು, ಈಗಲೂ ನಿಂತಿದೆ. ಅದನ್ನೇ ತಂದು ನವಲಗುಂದದ ಕಡೆ ಹಾಕೋಣ ಅಂದರು. "ಸಾಹೇಬ್ರ, ಎರಿ ನೆಲದಾಗ ಇದು ನಿಂದ್ರೂದಿಲ್ರಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಜಿಲ್ಲಾ ಒಂದ ಐತಲ್ಲವಾ, ನಕಾಶಿನೂ ಒಂದ ಇರ್ಲಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಂಚುಗಳೆಲ್ಲ ಒಂದು ಬದಿಗೆ ವಾಲಿದವು. ಕೂತವರು ಮಾತಾಡುತ್ತ ಮಾತಾಡುತ್ತ ಪಕ್ಕದವರ ತೊಡೆಯ ಮೇಲೆ ಹೋಗಿ ಇಳಿಯುತ್ತಿದ್ದರು. ಬೀಗರು ಜಗಳ ಮರೆತು ಒಂದಾಗಬೇಕಂದರೆ ದೇಸಾಯಿ ಸಾಹೇಬರ ಬೆಂಚಿನ ಮೇಲೆ ಕೂರಿಸಬೇಕು ಅಂತ ಜನ ಚೇಷ್ಟೆ ಮಾಡುತ್ತಿದ್ದರು.

ಅಂಥ ಬೆಂಚುಗಳಲ್ಲಿ ಒಂದು ಮೊರಬದ ಆಚೆ, ಒಂದು ಹಳ್ಳಿಯ ಕ್ರಾಸಿನಲ್ಲಿತ್ತು. ಹಳ್ಳಿ ಒಳಗಿದೆ, ಬಸ್ಸು ಒಳಗೆ ಹೋಗುವುದಿಲ್ಲ. ಹುಬ್ಬಳ್ಳಿಗೆ ಹೋಗುವವರು ಕ್ರಾಸಿಗೆ ಬಂದು ತಗಡಿನ ನೆರಳಿನ ಕೆಳಗೆ ಕಾಯಬೇಕು. ಸುತ್ತ ಒಂದು ಗಿಡವಿಲ್ಲ, ಕಣ್ಣು ಹಾಯುವವರೆಗೆ ಕರೀ ಹೊಲ. ಈ ಕ್ರಾಸಿನ ಕತೆಯನ್ನೇ ನಿಮಗೆ ಉದ್ದಕ್ಕೂ ಹೇಳುತ್ತೇನೆ. ಯಾಕಂದರೆ ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ ನೀಲವ್ವ ಎಂಬ ಒಬ್ಬ ಹೆಣ್ಣುಮಗಳು ಅಲ್ಲಿ ಕೂರಬೇಕಾಗಿತ್ತು, ಅವಳನ್ನು ಕೂರಿಸುವುದು ನನ್ನ ಕೆಲಸವಾಗಿತ್ತು.

ನೀಲವ್ವನನ್ನು ನಾನು ಮೊದಲು ನೋಡಿದ್ದು ಆ ವಾಲಿದ ಬೆಂಚಿನ ಮೇಲೇ. ಬೆಂಚು ತೆಗೆಸುವುದೋ ಬಿಡುವುದೋ ಅಂತ ನೋಡಲು ಹೋಗಿದ್ದೆ. ಮೇಲಿನ ತುದಿಗೆ ಅವಳು ಕೂತಿದ್ದಳು, ಕೆಳಗಿನ ಬದಿಗೆ ಅವಳ ಗಂಡ ಯಲ್ಲಪ್ಪ ಎರಡೂ ಕಾಲು ನೆಲಕ್ಕೆ ಒತ್ತಿ ಒರಗಾಗಿ ಕೂತಿದ್ದ. ಅವಳು ಅವನ ಭುಜಕ್ಕೆ ಒರಗಿದ್ದಳು. ಮುಖ ಊದಿತ್ತು, ಪಾದ ಊದಿದ್ದವು. ಯಲ್ಲಪ್ಪ ಕುರಿ ಕಾಯುವವನು, ಮಾತು ಕಡಿಮೆ. ಎದ್ದು ನಿಂತು ನಮಸ್ಕಾರ ಮಾಡಬೇಕೆಂದು ಹೊರಟವನು ಹಾಗೇ ಕೂತ.

"ನಾ ಎದ್ದರ ಆಕಿ ಜಾರತಾಳ್ರಿ" ಅಂದ.

ನೀಲವ್ವನ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೂ ಮೈಗೆ ನೀರು ತುಂಬಿ ಉಸಿರು ಕಟ್ಟುತ್ತದೆ. ಮನೆಯಿಂದ ಕ್ರಾಸಿಗೆ ಯಾರದಾದರೂ ಟ್ರ್ಯಾಕ್ಟರೋ ಗಾಡಿಯೋ ಸಿಕ್ಕ ಹೊತ್ತಿಗೆ ಬಂದು ಕೂರಬೇಕು, ಬಸ್ಸು ಅದು ಬಂದ ಹೊತ್ತಿಗೆ ಬರುತ್ತದೆ. ನಿಲ್ಲಲು ಅವಳಿಗೆ ಶಕ್ತಿ ಇಲ್ಲ. ನೆಲಕ್ಕೆ ಕೂತರೆ ಏಳಲು ಬರುವುದಿಲ್ಲ, ಕಂಡಕ್ಟರು ಅಷ್ಟು ಹೊತ್ತು ಕಾಯುವುದಿಲ್ಲ. ಹೀಗಾಗಿ ಮೊಣಕಾಲೆತ್ತರದ ಒಂದು ಆಸನ ಅವಳಿಗೆ ಔಷಧದಷ್ಟೇ ಬೇಕಾಗಿತ್ತು.

"ಹ್ವಾದ ವರ್ಸ ಇಷ್ಟು ವಾಲಿದ್ದಿಲ್ರಿ" ಅಂದಳು ನೀಲವ್ವ. ದೂರುವ ದನಿ ಅಲ್ಲ. ನಮ್ಮಿಬ್ಬರಿಗೂ ಗೊತ್ತಿರುವ ಯಾರದೋ ಆರೋಗ್ಯದ ಬಗ್ಗೆ ಹೇಳುವ ಹಾಗೆ ಹೇಳಿದಳು.

ಆ ಬೆಂಚು ತೆಗೆಸಿ ಕಬ್ಬಿಣದ್ದು ಹಾಕಿಸಿದೆವು. ಕಬ್ಬಿಣದ ಬಗ್ಗೆ ನಿಮಗೆ ಎರಡು ಮಾತು. ತುಕ್ಕು ಮೊದಲು ಮೇಲೆ ಹಿಡಿಯುವುದಿಲ್ಲ, ಕಾಲು ಮಣ್ಣು ಮುಟ್ಟುವ ಜಾಗದಲ್ಲಿ ಹಿಡಿಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಕಾಲು ಬೆರಳಲ್ಲಿ ಪುಡಿಯಾಗುತ್ತದೆ. ಇನ್ನೊಂದು, ಬಣ್ಣ ಬಳಿಯುವವನು ಯಾವಾಗಲೂ ಕಾಣುವ ಕಡೆಯಷ್ಟೇ ಬಳಿಯುತ್ತಾನೆ. ಅಣ್ಣಿಗೇರಿಯ ಕಡೆಯ ಒಬ್ಬ ಹಿರಿಯರು ಮದುವೆಗೆಂದು ಬಿಳೀ ಧೋತರ ಉಟ್ಟು ಹೊರಟವರು, ಮಳೆ ನಿಂತ ಮೇಲೆ ನಮ್ಮ ಬೆಂಚಿನ ಮೇಲೆ ಕೂತು, ಮದುವೆಗೆ ಹೋಗುವ ಬದಲು ನೇರ ನಮ್ಮ ಆಫೀಸಿಗೆ ಬಂದರು. ಒಳಗೆ ಬಂದು ಏನೂ ಅನ್ನದೆ ತಿರುಗಿ ನಿಂತರು. ಬಣ್ಣ ತಾಗದ ಸಂದಿಯ ತುಕ್ಕು ಹತ್ತಿ ಹಿಂದೆ ಕೆಂಪು ಪಟ್ಟೆ ಮೂಡಿತ್ತು, ಬೆಂಚಿನ ಕಬ್ಬಿಣದ ಸಳಿಗಳನ್ನು ಎಣಿಸಬಹುದಿತ್ತು. "ಇದು ನಿಮ್ಮ ಇಲಾಖೆ ಹೊಡದ ಸಿಕ್ಕಾ ಏನ್ರಿ?" ಅಂದರು. ನಾವು ನಕ್ಕೆವು, ಅವರು ನಗಲಿಲ್ಲ. ಚಹಾ ತರಿಸಿದರೂ ಕೂರಲಿಲ್ಲ. ನಮ್ಮ ಯಾವ ಕುರ್ಚಿಯ ಮೇಲೂ ಅವರಿಗೆ ಭರವಸೆ ಉಳಿದಿರಲಿಲ್ಲ.

ಕ್ರಾಸಿನ ಕಬ್ಬಿಣದ ಬೆಂಚಿಗೆ ತುಕ್ಕು ಹಿಡಿಯುವಷ್ಟೂ ಪುರಸೊತ್ತು ಸಿಗಲಿಲ್ಲ. ಬೇಸಿಗೆಯಲ್ಲಿ ಯಲ್ಲಪ್ಪ ಅದರ ಮೇಲೆ ಕಂಬಳಿ ಮಡಚಿ ಹಾಕಿ ಹೆಂಡತಿಯನ್ನು ಕೂರಿಸುತ್ತಿದ್ದ, ಇಲ್ಲದಿದ್ದರೆ ಸುಡುತ್ತಿತ್ತು. ಮಳೆ ಶುರುವಾಗುವ ಮೊದಲೇ ಒಂದು ದಿನ ಯಾರೋ ಅದನ್ನು ಮೊಣಕಾಲಿನ ಕೆಳಗೆ ಕೊಯ್ದುಕೊಂಡು ಹೋದರು. ನೆಲದಲ್ಲಿ ನಾಲ್ಕು ಮೋಟು ಕಾಲುಗಳು ಉಳಿದಿದ್ದವು. ಗುಜರಿಗೆ ಹೋಗುವ ಮಾಲು ಬಯಲಿನಲ್ಲಿ ಬಾಳಿಕೆ ಬರುವುದಿಲ್ಲ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಆ ಹೊತ್ತಿಗೆ ದೇಸಾಯಿ ಸಾಹೇಬರು ಹೋಗಿ ಎಷ್ಟೋ ಜನ ಬಂದು ಹೋಗಿದ್ದರು. ಆಗಿನ ಸಾಹೇಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೊಸದೆಂದರೆ ಜೀವ. ಒಂದು ದಿನ ಒಬ್ಬ ಮಾರಾಟಗಾರ ಪ್ಲಾಸ್ಟಿಕ್ ಮರದ ತುಂಡು ಹಿಡಿದು ಬಂದ. ನೋಡಲು ಥೇಟ್ ಸಾಗವಾನಿ. ಮೇಜಿನ ಮೇಲೆ ಇಟ್ಟು ನೀರು ಸುರಿದ, ಮೊಳೆಯಿಂದ ಗೀರಿದ, ಗೆದ್ದಲು ಮುಟ್ಟಲ್ಲ ಅಂದ, ಬಣ್ಣ ಬೇಡ ಅಂದ. ಸಾಹೇಬರ ಕಣ್ಣು ಅರಳಿತು. ಕುಂದಗೋಳದ ಕಡೆಯ ಒಂದು ಶಾಲೆಗೆ ಹಾಕಿ ನೋಡೋಣ ಅಂತ ಆಯಿತು. ನನಗೂ ಆಸೆಯಾಗಿತ್ತು, ಸುಳ್ಳೇಕೆ ಹೇಳಲಿ. ಒಮ್ಮೆ ಹಾಕಿ ಮರೆತುಬಿಡುವಂಥ ಮಾಲು ಸಿಕ್ಕರೆ ಯಾರಿಗೆ ಬೇಡ? ನೀರಿನಿಂದ ಅದಕ್ಕೆ ಏನೂ ಆಗಲಿಲ್ಲ, ಗೆದ್ದಲೂ ಮುಟ್ಟಲಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ನಡುವೆ ಇಳಿಬಿದ್ದು ಜೋಲಿಯಾಯಿತು. ಕೆಳಗೆ ಕಬ್ಬಿಣದ ಪಟ್ಟಿ ಹತ್ತಿರ ಹತ್ತಿರ ಕೊಡಬೇಕಿತ್ತು, ಗುತ್ತಿಗೆದಾರ ದೂರ ದೂರ ಕೊಟ್ಟಿದ್ದ. ಮುಂದೆ ಬೇಲಿ ಆಚೆಯ ಹೊಲದಲ್ಲಿ ಹತ್ತಿಕಟ್ಟಿಗೆ ಸುಟ್ಟಾಗ ಬಿಸಿ ತಾಗಿ ಒಂದು ತುದಿ ಕರಗಿ ಸುರುಳಿಯಾಯಿತು. ಹೆಡ್ ಮಾಸ್ತರರು ಫೋನ್ ಮಾಡಿ, "ಬಾಯಾರ, ನಿಮ್ಮ ಬೆಂಚು ಒಣಗಿದ ಹಪ್ಪಳಾ ಆಗೇತ್ರಿ, ಬಂದು ನೋಡ್ರಿ" ಅಂದರು. ಹೋಗಿ ನೋಡಿದೆ, ಹೌದು ಅನಿಸಿತು. ಕ್ರಾಸಿಗೆ ಅದನ್ನು ಹಾಕುವ ವಿಚಾರ ಅಲ್ಲಿಗೇ ಬಿಟ್ಟೆ.

ಹಾಗಾದರೆ ಕ್ರಾಸಿಗೆ ಏನು ಹಾಕುವುದು ಅಂತ ನಾನು ತಲೆ ಕೆಡಿಸಿಕೊಂಡಿರುವಾಗ ಆ ಹಳ್ಳಿಯ ಬಸನಗೌಡರು ತಾವಾಗಿಯೇ ಆಫೀಸಿಗೆ ಬಂದರು. ಅವರ ತಂದೆ ದೊಡ್ಡಗೌಡರು ತೀರಿಕೊಂಡು ವರ್ಷ ಆಗುವುದರಲ್ಲಿತ್ತು. ಅವರ ನೆನಪಿಗೆ ಕ್ರಾಸಿನಲ್ಲಿ ಗ್ರ್ಯಾನೈಟ್ ಬೆಂಚು ಮಾಡಿಸಿಕೊಡುತ್ತೇವೆ, ಅಪ್ಪಣೆ ಕೊಡಿ ಅಂದರು. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ನನಗೂ ಸಂತೋಷವೇ. ಕೆಳಗಿನ ಎರೆಮಣ್ಣು ತೋಡಿ ತೆಗೆಸಿ, ಉಬ್ಬದ ಗರಸು ಮಣ್ಣು ತುಂಬಿ, ಅದರ ಮೇಲೆ ಅಗಲವಾದ ಹಾಸು ಮಾಡಿ ಬೆಂಚು ಕೂರಿಸಿದರೆ ವಾಲುವುದಿಲ್ಲ ಅಂತ ಹೇಳಿದೆ. ಗೌಡರು ಹೇಳಿದ ಹಾಗೇ ಮಾಡಿಸಿದರು, ಒಂದು ಕೂದಲೆಳೆಯೂ ತಪ್ಪಲಿಲ್ಲ. ಕನ್ನಡಿಯಂತೆ ಹೊಳೆಯುವ ಕರಿಕಲ್ಲು. ಕಳ್ಳರು ಒಯ್ಯುವಂಥದ್ದಲ್ಲ, ಗೆದ್ದಲು ತಿನ್ನುವಂಥದ್ದಲ್ಲ, ಬಗ್ಗುವಂಥದ್ದಲ್ಲ. ಇಷ್ಟು ವರ್ಷದಲ್ಲಿ ಬಾಳಿಕೆಯ ಬೆಂಚು ಅಂತ ಒಂದಾದರೂ ಕಂಡೆ ಅನಿಸಿತು.

ಬೆನ್ನು ಒರಗಿಸುವ ಕಲ್ಲಿನ ಮೇಲೆ ದೊಡ್ಡಗೌಡರ ರುಮಾಲು ಸುತ್ತಿದ ಮುಖ ಕೊರೆಸಿದ್ದರು. ಮೇಲೆ ಒಂದು ಲಿಂಗ, ಮೂರು ಗೆರೆ ವಿಭೂತಿ, ಕೆಳಗೆ 'ಲಿಂಗೈಕ್ಯ' ಅಂತ ಹೆಸರು.

ಆ ಬೆಂಚಿನ ಮೇಲೆ ಯಾರೂ ಕೂರಲಿಲ್ಲ.

ಮೊದಲ ದಿನ ಪೂಜೆಗೆ ಬಂದವರು ಕೈ ಮುಗಿದು ನಿಂತರು. ಮರುದಿನದಿಂದ ಬಸ್ಸಿಗೆ ಬಂದವರು ಚಪ್ಪಲಿ ಕಳಚಿ, ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಚೆ ಸರಿದು ನಿಲ್ಲತೊಡಗಿದರು. ಯಾರೋ ವಿಭೂತಿ ಹಚ್ಚಿದರು. ಯಾರೋ ಊದಿನಕಡ್ಡಿ ಸಿಕ್ಕಿಸಿದರು. ಸೋಮವಾರ ಯಾರೋ ಕಾಯಿ ಒಡೆದರು. ನಾನು ಮುಂದಿನ ಸಲ ಹೋಗುವ ಹೊತ್ತಿಗೆ ಕೂರುವ ಹಲಗೆಯ ಮೇಲೆ ಬಾಡಿದ ಹೂವು, ಬಾಳೆಹಣ್ಣಿನ ಸಿಪ್ಪೆ, ಕಾಯಿನೀರಿನ ಕಲೆ. ತಗಡಿನ ನೆರಳಿನ ತುಂಬ ದೊಡ್ಡಗೌಡರೇ ಕೂತಿದ್ದರು. ಅದರ ಪಕ್ಕ ನೆಲದ ಮೇಲೆ ಕಂಬಳಿ ಹಾಸಿಕೊಂಡು ನೀಲವ್ವ ಕೂತಿದ್ದಳು.

"ಯಾಕವ್ವಾ, ಮ್ಯಾಲ ಕುಂಡ್ರಬಾರದಾ?" ಅಂದೆ.

"ಗೌಡ್ರ ಮಾರಿಗೆ ಬೆನ್ನ ಹಚ್ಚಿ ಹೆಂಗ ಕುಂಡ್ರಲ್ರಿ ಬಾಯಾರ?" ಅಂದಳು. "ಅವರು ಇದ್ದಾಗ ಅವರ ಮುಂದ ಎಂದೂ ಕುಂತಾಕಿ ಅಲ್ಲ ನಾನು. ಈಗ ಮ್ಯಾಲ ಲಿಂಗ ಬ್ಯಾರೆ ಐತಿ."

"ಇದು ಕುಂಡ್ರಾಕ ಅಂತನ ಮಾಡಿದ್ದವ್ವಾ."

"ಮಾಡಿದ್ದು ಖರೆ. ಆದ್ರ ಆಗಿದ್ದು ಬ್ಯಾರೆ."

ಬೇಕಂತಲೇ ನಾನು ಅವಳ ಎದುರು ಆ ಬೆಂಚಿನ ಮೇಲೆ ಕೂತು ತೋರಿಸೋಣ ಅಂತ ಹೋದೆ. ಅಂಚಿನ ಮೇಲೆ ಅರ್ಧ ಕೂತವಳಿಗೆ ಬೆನ್ನು ಹಿಂದಕ್ಕೆ ಬಿಡಲು ಮನಸ್ಸು ಬರಲಿಲ್ಲ. ನಾನೂ ಇದೇ ನೆಲದವಳು. ಮುಂಜಾನೆ ಹತ್ತರ ಓರೆಬಿಸಿಲು ತಗಡಿನ ಕೆಳಗೆ ನುಗ್ಗಿ ಕರಿಕಲ್ಲು ರೊಟ್ಟಿ ಹಂಚಿನಂತೆ ಕಾದಿತ್ತು. ಅದೊಂದು ನೆವ ಸಿಕ್ಕಿತು, ಎದ್ದುಬಿಟ್ಟೆ.

ಕಲ್ಲಿನ ಅಂಗಡಿಯವನು, ಗೌಡರು, ಸಾಹೇಬರು, ನಾನು, ಎಲ್ಲರೂ ಆ ಚಿತ್ರವನ್ನು ಮೊದಲೇ ನೋಡಿದ್ದೆವು. ಹಿರಿಯರ ಹೆಸರಿಗೆ ಬೆಂಚು ಕೊಡುವುದು ಈಗ ಎಲ್ಲ ಊರಲ್ಲೂ ಉಂಟಾಗಿರುವ ರೂಢಿ. ಹೆಸರಿದ್ದ ಮೇಲೆ ಮುಖವೂ ಇರಲಿ, ಮುಖದ ಮೇಲೊಂದು ಲಿಂಗ ಇರಲಿ ಅಂತ ಭಕ್ತಿಯಿಂದ ಸೇರಿಸುತ್ತ ಹೋಗುತ್ತೇವೆ. ಕೊನೆಗೆ ಕೂರುವವರಿಗೆ ಜಾಗ ಉಳಿಯುವುದಿಲ್ಲ.

ಸಾಹೇಬರಿಗೆ ಹೇಳಿದೆ. ಅಲ್ಲಿಗೆ ಇನ್ನೊಂದು ಸಾದಾ ಬೆಂಚು ಬೇಕು ಅಂದೆ. "ಅಲ್ಲಿ ಬೆಂಚು ಐತಲ್ರಿ" ಅಂದರು. ಐತ್ರಿ, ಆದ್ರ ಯಾರೂ ಕುಂಡ್ರೂದಿಲ್ರಿ ಅಂದೆ. "ಕುಂಡ್ರೂದು ಬಿಡೂದು ಮಂದಿಗೆ ಬಿಟ್ಟಿದ್ದು ಮೇಡಂ, ಇಂಜಿನಿಯರಿಂಗಿನಾಗ ಬರೂದಿಲ್ಲ ಅದು" ಅಂದರು. ಬಾಗಿಲ ಹೊರಗೆ ಬಂದು ಒಂದಿಷ್ಟು ಹೊತ್ತು ಸುಮ್ಮನೆ ಗೋಡೆಗೆ ಒರಗಿ ನಿಂತೆ. ಅಂಥ ದಿನಗಳಲ್ಲಿ ರಾಜೀನಾಮೆ ಅಲ್ಲ, ನಿದ್ದೆ ಬೇಕು ಅನಿಸುತ್ತಿತ್ತು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಈ ಕೆಲಸದಲ್ಲಿ ದೊಡ್ಡ ಅನ್ಯಾಯ ಯಾರೂ ಮಾಡುವುದಿಲ್ಲ, ಆದರೆ ಇಂಥ ಸಣ್ಣ ಮಾತುಗಳು ಎಲುಬಿನೊಳಗೆ ಇಳಿಯುತ್ತವೆ.

ಶ್ರಾವಣದಲ್ಲಿ ಒಂದು ದಿನ ಯಲ್ಲಪ್ಪ ಆಫೀಸಿಗೆ ಬಂದ. ಅವನು ಎಂದೂ ಬಂದವನಲ್ಲ. ಹಿಂದಿನ ದಿನ ಬಸ್ಸು ಬಂದಾಗ ನೀಲವ್ವನಿಗೆ ನೆಲದಿಂದ ಏಳಲು ಆಗಿರಲಿಲ್ಲ. ಮಳೆಗೆ ಎರೆಮಣ್ಣು ಕೆಸರಾಗಿ ಅವನ ಕಾಲು ಜಾರಿ, ಅವಳನ್ನು ಎತ್ತುವಾಗ ಇಬ್ಬರೂ ಬಿದ್ದರು. ಡ್ರೈವರ ನೋಡಲಿಲ್ಲವೋ ನೋಡಿಯೂ ಹೊರಟನೋ, ಬಸ್ಸು ಹೋಯಿತು. ಆ ದಿನದ ಡಯಾಲಿಸಿಸ್ ತಪ್ಪಿತು. ಬೆಳಗಾಗುವಷ್ಟರಲ್ಲಿ ಉಸಿರು ಕಟ್ಟಿ, ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದಿದ್ದರು. ಅಲ್ಲಿ ಮಲಗಿಸಿ ಅವನು ನೇರ ನನ್ನ ಹತ್ತಿರ ಬಂದಿದ್ದ. ಕೂರು ಅಂದರೆ ಕೂರಲಿಲ್ಲ.

"ಉಳದಾಳ್ರಿ" ಅಂದ ಮೊದಲು, ನನ್ನ ಮುಖ ನೋಡಿ. ಆಮೇಲೆ, "ಬಾಯಾರ, ಅಲ್ಲಿ ನಮಗ ದೇವರು ಬ್ಯಾಡ್ರಿ. ದೇವರು ಮನ್ಯಾಗೂ ಅದಾನ. ಕುಂಡ್ರಾಕ ಜಾಗಾ ಬೇಕ್ರಿ" ಅಂದ.

ಕಣ್ಣಲ್ಲಿ ನೀರು ಬಂತು. ಅವನ ಎದುರು ಒರೆಸಿಕೊಳ್ಳಲೂ ನಾಚಿಕೆಯಾಯಿತು.

ಮರುದಿನ ಗೌಡರ ಮನೆಗೆ ಹೋದೆ. ಬಸನಗೌಡರು ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ತರಿಸಿ, ಮರ್ಯಾದೆಯಿಂದಲೇ ಮಾತಾಡಿದರು. "ದಾನಾ ಕೊಟ್ಟೇವ್ರಿ. ಮಂದಿ ಪೂಜಿ ಮಾಡ್ತಾರ. ಅದರಾಗ ನಮ್ಮ ತಪ್ಪೇನ್ರಿ?"

"ತಪ್ಪು ಯಾರದೂ ಅಲ್ರಿ ಗೌಡ್ರ. ಕಲ್ಲು ತಗದು ತಗಡಿನ ಹೊರಗ ಬಾಜೂಕ ನಿಲ್ಲಸ್ರಿ, ಪೂಜಿ ಅಲ್ಲೇ ನಡೀಲಿ. ನೆರಳಿನಾಗ ಸಾದಾ ಬೆಂಚು ಇರ್ಲಿ."

"ಪೂಜಿ ಆದ ಕಲ್ಲು ಅಳಗಾಡಸಬಾರ್ದ್ರಿ ಬಾಯಾರ. ನಿಮಗ ಗೊತ್ತಿಲ್ಲೇನು? ನಾಳೆ ಮನಿಗೆ ಏನರ ಆದ್ರ?"

ಅದು ಹಟದ ಮಾತಲ್ಲ, ಅವರು ನಿಜವಾಗಿ ಹೆದರಿದ್ದರು. ಚಹಾ ಆರುತ್ತಿತ್ತು. ಅಷ್ಟರಲ್ಲಿ ಒಳಗಿನ ಬಾಗಿಲಲ್ಲಿ ದೊಡ್ಡಗೌಡರ ಹೆಂಡತಿ ಗೌರವ್ವ ಗೌಡಶಾನಿ ಬಂದು ನಿಂತರು. ಮಾತೆಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ನನ್ನನ್ನು ಕೇಳಿದರು, "ನೀಲಿ ನೆಲಕ್ಕ ಕುಂಡ್ರತಾಳೇನವಾ?"

"ಹೌದ್ರಿ. ಮೊನ್ನೆ ಏಳಾಕ ಬರ್ಲಿಲ್ಲ."

ಅವರು ಮಗನ ಕಡೆ ತಿರುಗಿದರು. "ಲೇ ಬಸ್ಯಾ, ನಿಮ್ಮಪ್ಪ ಕಟ್ಟಿ ಮ್ಯಾಲ ಕುಂತಾಗ ಯಾರರ ಬಂದ್ರ ಏನ್ ಮಾಡ್ತಿದ್ದ, ಹೇಳು."

ಬಸನಗೌಡರು ಚಹಾದ ಬಟ್ಟಲು ಕೆಳಗಿಟ್ಟರು.

"ಸರದು ಕುಂಡ್ರತಿದ್ದ. ಬಂದಾವ ಯಾರೋ ಏನೋ, ಮೊದಲ ಸರೀತಿದ್ದ. ಸರದು ಸರದು ಅವನ ಧೋತರ ಹಿಂದ ಸವೀತಿತ್ತು, ನಾನ ಹೊಲೀತಿದ್ದೆ. ಅಂಥಾವನ್ನ ಒಯ್ದು ನೀನು ಮಂದಿಗೆ ಅಡ್ಡ ಕುಂಡ್ರಿಸಿಬಿಟ್ಟಿ."

"ಅವ್ವಾ, ಪೂಜಿ ಆದ ಕಲ್ಲು..."

"ಮೊದಲ ಕೈ ನಂದಿರ್ಲಿ. ಏನರ ಬಂದ್ರ ನನಗ ಬರ್ಲಿ. ನನಗ ಬರೂದು ಇನ್ನೇನ್ ಉಳದೈತಿ."

ಹೇಳಿದಂತೆಯೇ ಮಾಡಿದರು. ಒಳ್ಳೆಯ ದಿನ ನೋಡಿ ಕ್ರಾಸಿಗೆ ಬಂದು, ಕಾಯಿ ಒಡೆದು, ಗಂಡನ ಮುಖದ ಮೇಲಿನ ಹಳೇ ವಿಭೂತಿ ಸೆರಗಿನಿಂದ ಒರೆಸಿ, ಎರಡೂ ಅಂಗೈ ಕಲ್ಲಿಗೆ ಹಚ್ಚಿ ತಳ್ಳಿದರು. ಕಲ್ಲು ಅವರ ಕೈಗೆ ಅಲುಗಲಿಲ್ಲ. ಆದರೆ ಅಲ್ಲಿಯವರೆಗೆ ಮುಟ್ಟಲು ಹಿಂದೇಟು ಹಾಕುತ್ತಿದ್ದ ಆಳುಗಳು ಆಮೇಲೆ ಹಾರೆ ಹಾಕಿದರು. ಇಡೀ ಕಲ್ಲಿನ ಬೆಂಚು ತಗಡಿನ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತಿತು. ಬಸನಗೌಡರು ದೂರದಲ್ಲಿ ನಿಂತು ನೋಡುತ್ತಿದ್ದರು, ಕಲ್ಲು ನಿಲ್ಲಿಸುವಾಗ ಕೊನೆಗೆ ಅವರೇ ಬಂದು ಒಂದು ಕೈ ಕೊಟ್ಟರು.

ಸಾದಾ ಬೆಂಚಿಗೆ ಮರ ಕೊಟ್ಟವರೂ ಗೌರವ್ವನೇ. ಅವರ ಹಳೇ ದನದ ಕೊಟ್ಟಿಗೆ ಬಿಚ್ಚಿದಾಗ ತೆಗೆದಿಟ್ಟ ಸಾಗವಾನಿ ತೊಲೆಗಳಿದ್ದವು, ಹಿರಿಯರ ಕಾಲದಲ್ಲಿ ಕಾಡಿನಂಚಿನ ಅಳ್ನಾವರದಿಂದ ಚಕ್ಕಡಿಯಲ್ಲಿ ಬಂದವು. ಅಷ್ಟು ವರ್ಷ ಒಣಗಿದ ಮರ ಇನ್ನು ಬಿರುಕು ಬಿಡುವುದಿಲ್ಲ, ತಿರುಚುವುದಿಲ್ಲ. ಊರ ಬಡಿಗೇರರು ಅದನ್ನು ಕೊಯ್ದು ಹಲಗೆ ಮಾಡಿದರು. ಹಲಗೆ ಹಲಗೆಯ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿಸಿದೆ, ಮಳೆನೀರು ನಿಲ್ಲದೆ ಇಳಿಯಬೇಕು. ಅಂಚು ಉರುಟು ಮಾಡಿಸಿದೆ, ತೊಡೆಗೆ ಒತ್ತಬಾರದು. ಏಳುವಾಗ ಹಿಡಿಯಲು ಎರಡೂ ಕಡೆ ಕೈ ಇಡಿಸಿದೆ. ಕಾಲು ಎಲ್ಲೂ ಮಣ್ಣು ಮುಟ್ಟದಂತೆ ಮೊದಲಿನ ಗರಸಿನ ಹಾಸಿನ ಮೇಲೇ ನಿಲ್ಲಿಸಿದೆವು. ಬಡಿಗೇರರು ಹಿಂದಿನ ಪಟ್ಟಿಗೆ ಹೂಬಳ್ಳಿ ಕೆತ್ತುತ್ತೇನೆ ಅಂದರು. ಹೂ ಅಂದರೆ ನಾಳೆ ಅದಕ್ಕೂ ಕುಂಕುಮ ಬೀಳುತ್ತದೆ, ಏನೂ ಬೇಡ ಅಂದೆ. ಹೆಸರೂ ಇಲ್ಲ, ಚಿತ್ರವೂ ಇಲ್ಲ.

ಮರಕ್ಕೆ ಒಂದೇ ತಾಪತ್ರಯ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಅಗಸಿ ಎಣ್ಣೆ ಉಣಿಸಬೇಕು. ಎಣ್ಣೆ ಕುಡಿದ ಮರ ನೀರು ಕುಡಿಯುವುದಿಲ್ಲ. ಬಿಟ್ಟರೆ ಬೂದಿ ಬಣ್ಣಕ್ಕೆ ತಿರುಗಿ ಸೀಳುತ್ತದೆ. ಹೊಸ ಬೆಂಚು ಮಾಡಲು ನಮ್ಮ ಇಲಾಖೆಯಲ್ಲಿ ಹತ್ತು ದಾರಿ, ಇದ್ದ ಬೆಂಚಿಗೆ ಎಣ್ಣೆ ಹಚ್ಚಲು ಒಂದು ದಾರಿಯೂ ಇಲ್ಲ. ಯಾರು ಹಚ್ಚುತ್ತಾರೆ ಅಂತ ನಾನು ಚಿಂತೆಯಲ್ಲಿದ್ದಾಗ ಯಲ್ಲಪ್ಪ, "ಅದೇನ್ ದೊಡ್ಡದ್ರಿ, ನಾ ಹಚ್ತೀನಿ" ಅಂದ.

ನೀಲವ್ವ ಮೊದಲ ಸಲ ಅದರ ಮೇಲೆ ಕೂತಾಗ ನಾನು ಅಲ್ಲಿದ್ದೆ. ಕೂತಳು, ಬೆನ್ನು ಹಿಂದಕ್ಕೆ ಬಿಟ್ಟಳು, ಅಂಗೈಯಿಂದ ಹಲಗೆ ಸವರಿದಳು. "ಸುಡೂದಿಲ್ರಿ" ಅಂದಳು. ಆಮೇಲೆ ಕಣ್ಣು ಮುಚ್ಚಿ ಬಸ್ಸು ಬರುವತನಕ ನಿದ್ದೆ ಹೋದಳು. ಬಸ್ಸಿನ ಸದ್ದಾದಾಗ ಬೆಂಚಿನ ಕೈ ಹಿಡಿದು ತಾನೇ ಎದ್ದಳು. ಇಡೀ ಸರ್ವೀಸಿನಲ್ಲಿ ನನಗೆ ಸಿಕ್ಕ ಮೆಚ್ಚುಗೆ ಅಷ್ಟು. ಅದಕ್ಕಿಂತ ಹೆಚ್ಚಿನದು ಬೇಕು ಅಂತ ಆ ದಿನ ಅನಿಸಲಿಲ್ಲ.

ನೋಡಿ, ಮಾಲು ಯಾವುದು ಅಂತ ಕೇಳುವ ಮೊದಲು ಅಲ್ಲಿ ಕೂರುವವರು ಯಾರು, ಯಾವ ಹೊತ್ತಿಗೆ, ಎಷ್ಟು ಹೊತ್ತು ಅಂತ ಕೇಳಿ. ಕಲಘಟಗಿಯ ಮಳೆಗೆ ಇದೇ ಮರ ಹಾಕಿದರೆ ಹಾವಸೆ ಹಿಡಿದು ಕೊಳೆಯುತ್ತದೆ. ಅಲ್ಲಿ ಸಿಮೆಂಟು ಸರಿ, ಇಲ್ಲಿ ಅದು ವಾಲುತ್ತದೆ. ಇಷ್ಟು ಹೇಳಬಲ್ಲೆ, ಉಳಿದದ್ದನ್ನು ನೀವೇ ಹೋಗಿ ಕೂತು ನೋಡಬೇಕು.

ನೀಲವ್ವ ಕೆಲವು ವರ್ಷ ಆ ಬೆಂಚಿನ ಮೇಲೆ ಕಾದಳು. ನಾನು ನಿವೃತ್ತಳಾಗುವ ಹೊತ್ತಿಗೆ ಇನ್ನೂ ಇದ್ದಳು. ಆಮೇಲಿನ ಚಳಿಗಾಲದಲ್ಲಿ ಹುಬ್ಬಳ್ಳಿಯ ದವಾಖಾನೆಯಲ್ಲೇ ತೀರಿಕೊಂಡಳಂತೆ. ನನಗೆ ಸುದ್ದಿ ತಡವಾಗಿ ತಿಳಿಯಿತು, ಹೋಗಲಾಗಲಿಲ್ಲ.

ಈ ಬೇಸಿಗೆಯ ಕೊನೆಗೆ ನವಲಗುಂದದಲ್ಲಿ ಒಂದು ಕೆಲಸವಿತ್ತು. ಮುಗಿಸಿ ಹುಬ್ಬಳ್ಳಿಗೆ ತಿರುಗಿ ಹೊರಟವಳು ಮನಸ್ಸು ತಡೆಯದೆ ಆ ಕ್ರಾಸಿನಲ್ಲಿ ಇಳಿದೆ. ಯಲ್ಲಪ್ಪ ಇದ್ದ. ಬೆಂಚಿನ ಮುಂದೆ ಮೊಣಕಾಲೂರಿ, ಡಬ್ಬಿಯಲ್ಲಿ ಅರಿವೆ ಅದ್ದಿ ಎಣ್ಣೆ ಹಚ್ಚುತ್ತಿದ್ದ. ಮರ ಕೆಂಪಗೆ ಕಾಣುತ್ತಿತ್ತು, ಬೆಂಚು ನೆಟ್ಟಗೆ ನಿಂತಿತ್ತು. ನನ್ನನ್ನು ನೋಡಿ ಎದ್ದ.

"ಇನ್ನೂ ಹಚ್ಚತೀಯಲ್ಲೋ ಯಲ್ಲಪ್ಪಾ" ಅಂದೆ. ಏನಾದರೂ ಅನ್ನಬೇಕಿತ್ತು, ಅದನ್ನೇ ಅಂದೆ.

"ಆಕಿ ಹ್ವಾದ ಮ್ಯಾಲೂ ಬಸ್ಸು ಲೇಟ್ ಬರೂದು ಬಿಟ್ಟಿಲ್ಲಲ್ರಿ ಬಾಯಾರ" ಅಂದ.

ಆಮೇಲೆ ಅರಿವೆ ಹಿಂಡುತ್ತ ಬೆಂಚಿನ ಆಚೆ ತುದಿ ತೋರಿಸಿದ. "ಈ ಕಡೆ ಹಸಿ ಐತ್ರಿ, ಸೀರಿಗೆ ಹತ್ತತೈತಿ. ಆ ಕಡೆ ನಾಳೆ ಹಚ್ಚತೀನಿ. ಅಲ್ಲಿ ಕುಂದರ್ರಿ."

ಬಗ್ಗಿ ಬೆಂಚಿನ ಹೊಟ್ಟೆ ನೋಡದೆಯೇ ಕೂತೆ. ಬಸ್ಸು ಬರಲು ಇನ್ನೂ ಹೊತ್ತಿತ್ತು.